ವಿಮಾನ ಹೋಗುವಷ್ಟು ಹೊತ್ತು

ನನಗೊಂದು ಅಭ್ಯಾಸ ಅಂಟಿಕೊಂಡುಬಿಟ್ಟಿದೆ. ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಸಾಕು, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದು ಹೋಗಿ, ಅದರ ಹಿಂದೆ ಎಳೆದುಕೊಂಡು ಬರುವ ಸದ್ದೂ ಹೋಗಿ, ಮರದ ಮೇಲಿನ ಕಾಗೆಯ ದನಿ ಮತ್ತೆ ಕೇಳಿಸತೊಡಗಿದ ಮೇಲೆ ಬಿಟ್ಟಲ್ಲಿಂದಲೇ ಮಾತು ಎತ್ತಿಕೊಳ್ಳುತ್ತೇನೆ. ವಿಮಾನ ಎಲ್ಲೋ ಮೇಲೆ ಸೊಳ್ಳೆಯಷ್ಟು ಸದ್ದು ಮಾಡಿಕೊಂಡು ಹೋಗುತ್ತಿದ್ದರೂ ಅಷ್ಟೇ. ಫೋನಿನ ಆ ಕಡೆ ಇರುವವರು "ಹಲೋ? ಹಲೋ? ಕಟ್ ಆಯ್ತಾ?" ಎಂದು ಕೂಗಿಕೊಳ್ಳುತ್ತಾರೆ. ಈಗಿನ ಕೆಲಸದ ಸಂದರ್ಶನಕ್ಕೆ ಹೋದಾಗಲೂ ಹೀಗೇ ಆಯಿತು. "ಸಮಾಜಕಾರ್ಯವನ್ನೇ ಯಾಕೆ ಆರಿಸಿಕೊಂಡಿರಿ?" ಎಂದು ಕೇಳಿದರು. ನಾನು "ಯಾಕೆಂದರೆ, ಜನರ ಮಾತನ್ನು..." ಎನ್ನುವಷ್ಟರಲ್ಲಿ ಒಂದು ವಿಮಾನ ಬಂತು. ಬಾಯಿ ಮುಚ್ಚಿ ಕುಳಿತೆ. ಎದುರಿಗಿದ್ದ ಮೂವರೂ ನನ್ನ ಮುಖವನ್ನೇ ನೋಡಿದರು. ಅವರಲ್ಲಿ ಹಿರಿಯರೊಬ್ಬರು ನೀರಿನ ಲೋಟವನ್ನು ನನ್ನ ಕಡೆ ಸರಿಸಿ, "ಗಾಬರಿ ಆಗ್ಬೇಡಿ, ನಿಧಾನವಾಗಿ ಜ್ಞಾಪಿಸ್ಕೊಳ್ಳಿ" ಎಂದರು. ನನಗೆ ಮರೆತಿರಲಿಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ಈ ಅಭ್ಯಾಸ ನನಗೆ ಬಂದದ್ದು ಎಂ.ಎಸ್.ಡಬ್ಲ್ಯು. ಓದುವಾಗ. ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ. ಹೊಸಕೋಟೆಯ ನಮ್ಮ ಮನೆಯಲ್ಲಿ ಇದನ್ನು ಮೊದಲ ಸಲ ಹೇಳಿದಾಗ ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಸಮಾಜಸೇವೆ ಮಾಡಕ್ಕೆ ಎರಡು ವರ್ಷ ಓದ್ಬೇಕೇನಮ್ಮಾ? ನಮ್ ಬೀದಿ ಚರಂಡಿ ಕಟ್ಕೊಂಡೈತೆ, ಇವತ್ತಿಂದಾನೇ ಶುರು ಮಾಡ್ಬುಡು" ಎಂದಿದ್ದರು. ಸೇವೆ ಬೇರೆ, ಕಾರ್ಯ ಬೇರೆ ಎಂದು ನಾನು ವಿವರಿಸಲು ಹೋದೆ. ಆ ವ್ಯತ್ಯಾಸ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ವಿವರಿಸುವಾಗ ಮನುಷ್ಯ ಸ್ವಲ್ಪ ಜೋರಾಗಿ ಮಾತನಾಡುತ್ತಾನೆ. ನಾನೂ ಜೋರಾಗಿಯೇ ಮಾತನಾಡಿದೆ.

ನಾಲ್ಕು ದಿನ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ತರಗತಿ, ಸೋಮವಾರ ಮತ್ತು ಮಂಗಳವಾರ ಮನೆಯಿಂದಲೇ ಕ್ಷೇತ್ರಕಾರ್ಯ. ಸಹಪಾಠಿಗಳಿಗೆ ಆಸ್ಪತ್ರೆ, ನ್ಯಾಯಾಲಯದ ಸಲಹಾ ಕೇಂದ್ರ, ದೊಡ್ಡ ದೊಡ್ಡ ಶಾಲೆಗಳೆಲ್ಲ ಸಿಕ್ಕಿದವು. "ನೀನು ಹೊಸಕೋಟೆಯವಳಲ್ವಾ, ನಿನಗೆ ಹತ್ತಿರ" ಎಂದು ನನಗೆ ಕೊಟ್ಟದ್ದು ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಹೊಸಕೋಟೆಯಿಂದ ಸೂಲಿಬೆಲೆಗೆ ಒಂದು ಬಸ್ಸು, ಅಲ್ಲಿಂದ ಕಾದು ಕಾದು ಇನ್ನೊಂದು, ನಲ್ಲೂರಿನ ಹುಣಸೇತೋಪು ದಾಟಿದ ಮೇಲೆ ಇಳಿದು ಎರಡು ಕಿಲೋಮೀಟರ್ ನಡಿಗೆ. ಆ ಹತ್ತಿರ ಎಷ್ಟು ಹತ್ತಿರ ಎನ್ನುವುದನ್ನು ನನ್ನ ಚಪ್ಪಲಿಗಳು ಹೇಳಬೇಕು.

ಮೊದಲ ದಿನ ನಾನು ಹೇಗೆ ಹೋಗಿದ್ದೆ ಎಂದರೆ, ಈಗ ನೆನೆದರೆ ನಗು ಬರುತ್ತದೆ. ಮಾಸಲು ಬಣ್ಣದ ಖಾದಿ ಕುರ್ತಾ, ಹೆಗಲಿಗೆ ಬಟ್ಟೆ ಚೀಲ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ದಪ್ಪ ನೋಟ್ ಪುಸ್ತಕ. ಜನರ ನೋವನ್ನು ಅರ್ಥ ಮಾಡಿಕೊಳ್ಳುವ ಮುಖ ಹೇಗಿರಬೇಕೆಂದು ಹಿಂದಿನ ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ್ದೆ. ಆ ಮುಖ ಹೊತ್ತು ಮೊದಲ ಮನೆಯ ಮುಂದೆ ನಿಂತರೆ, ಕಸ ಗುಡಿಸುತ್ತಿದ್ದ ಹೆಂಗಸು ತಲೆ ಎತ್ತಿ, "ಶೌಚಾಲಯ ಕಟ್ಸಿದೀವಿ ಕಣವ್ವಾ, ಹಿಂದುಗಡೆ ಐತೆ, ಹೋಗಿ ಪೋಟ ತಗೋ" ಎಂದಳು. 

ಆ ಊರು ವಿಮಾನಗಳು ಇಳಿಯುವ ದಾರಿಯ ನೇರ ಕೆಳಗಿದೆ. ಹೊಟ್ಟೆಯಿಂದ ಚಕ್ರ ಹೊರಗೆ ಬರುವುದೂ ಕಾಣುತ್ತದೆ, ಅಷ್ಟು ಕೆಳಗೆ ಬರುತ್ತವೆ. ಸದ್ದು ಬಂದಾಗ ಊರಿನವರು ಮಾತು ನಿಲ್ಲಿಸುತ್ತಾರೆ. ಯಾರೂ ಕಲಿಸಿದ್ದಲ್ಲ, ಯಾರೂ ಗಮನಿಸುವುದೂ ಇಲ್ಲ. ಹಾಲಿನ ಡೈರಿಯ ಮುಂದೆ ಕ್ಯಾನ್ ಹಿಡಿದು ಮಾತನಾಡುತ್ತಿದ್ದವರು ಒಟ್ಟಿಗೇ ಮೌನವಾಗಿ, ಒಟ್ಟಿಗೇ ಮತ್ತೆ ಮಾತಿಗೆ ತೊಡಗುತ್ತಾರೆ. ಒಮ್ಮೆ ಇಬ್ಬರು ಹೆಂಗಸರು ನಲ್ಲಿಯ ಹತ್ತಿರ ಜಗಳವಾಡುತ್ತಿದ್ದರು. ಬೈಗುಳದ ಮೊದಲರ್ಧ ವಿಮಾನಕ್ಕೆ ಮುಂಚೆ ಬಂತು, ಉಳಿದರ್ಧ ವಿಮಾನ ಹೋದ ಮೇಲೆ. ನಡುವೆ ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು, ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತಾ, ಶಿಸ್ತಾಗಿ ಕಾಯುತ್ತಿದ್ದರು. ಎರಡು ವಾರದಲ್ಲಿ ನನಗೂ ಅದು ಅಂಟಿತು.

ನಂಜಮ್ಮನ ಮನೆಗೆ ನನ್ನನ್ನು ಕರೆದುಕೊಂಡು ಹೋದವರು ಊರಿನ ಆಶಾ ಕಾರ್ಯಕರ್ತೆ ರತ್ನಮ್ಮ. "ಒಂದು ಕೇಸ್ ತೋರಿಸ್ತೀನಿ ಬಾ" ಎಂದರು. ಕೇಸ್ ಎಂಬ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಸಹಪಾಠಿಗಳೆಲ್ಲ ಆಗಲೇ ಒಂದೊಂದು ಕೇಸ್ ಹಿಡಿದಿದ್ದರು. ನನ್ನ ನೋಟ್ ಪುಸ್ತಕದಲ್ಲಿ ಹಳ್ಳಿಯ ನಕ್ಷೆಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

ನಂಜಮ್ಮನಿಗೆ ಎಪ್ಪತ್ತರ ಆಸುಪಾಸು. ತೆಳ್ಳಗಿನ ಮೈ, ನೆಟ್ಟಗಿನ ಬೆನ್ನು. ಮಗ ಕೆಂಪಣ್ಣ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಸೊಸೆ ಮಂಜುಳ ಎರಡು ಹಸು, ದ್ರಾಕ್ಷಿ ಚಪ್ಪರ, ಮನೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಮನೆಯ ಸುತ್ತ ಹೊಸ ಕಾಂಪೌಂಡು, ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೆ ಒಳಗಿನಿಂದ ಬೀಗ. 

"ಅತ್ತೆಗೆ ಅರಳುಮರಳು ಮೇಡಂ," ಎಂದಳು ಮಂಜುಳ, ನಂಜಮ್ಮ ಎದುರಿಗೇ ಕೂತಿದ್ದರೂ. "ಮಾವ ಹೋದ್ಮೇಲೆ ಶುರುವಾಗಿದ್ದು. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾರೆ. ಕಿವಿ ಸ್ವಲ್ಪ ಮಂದ, ಅದು ವಯಸ್ಸಿಗೆ ಸರಿ. ಆದ್ರೆ ತಲೆ ನಿಂತಿಲ್ಲ. ಹೋದ್ವರ್ಷ ಹಸು ಹೊಡ್ಕೊಂಡು ರೋಡಲ್ಲಿ ಬರ್ತಾವ್ರೆ, ಹಿಂದೆ ಟಿಪ್ಪರ್ ಲಾರಿ. ಅಷ್ಟು ಹಾರನ್ ಹೊಡೆದ್ರೂ ನಡು ರೋಡು ಬಿಟ್ಟು ಸರೀಲಿಲ್ಲ. ಡ್ರೈವರ್ರು ಲಾರೀನ ಹಳ್ಳಕ್ಕಿಳಿಸಿ ಬದುಕಿಸ್ದ. ಅವತ್ತೇ ನಮ್ಮನೆಯವ್ರು ಗೇಟಿಗೆ ಬೀಗ ಹಾಕ್ಸಿದ್ದು. ಹಸು ಹಗ್ಗ ಮುಟ್ಟಕ್ಕೂ ಬಿಡ್ತಿಲ್ಲ ಈಗ."

ನಂಜಮ್ಮ ಸೊಸೆಯ ಮುಖವನ್ನೇ ನೋಡುತ್ತಾ ಕುಳಿತಿದ್ದರು.

ನನ್ನ ಚೀಲದಲ್ಲಿ ನೆನಪಿನ ಶಕ್ತಿಯನ್ನು ಅಳೆಯುವ ಪ್ರಶ್ನೆಗಳ ಜೆರಾಕ್ಸ್ ಹಾಳೆಯಿತ್ತು. ಗ್ರಂಥಾಲಯದ ಯಾವುದೋ ಪುಸ್ತಕದಿಂದ ತೆಗೆಸಿದ್ದು. ಅದನ್ನು ಬಳಸುವ ತರಬೇತಿ ನನಗಿರಲಿಲ್ಲ, ಬಳಸು ಎಂದು ಯಾರೂ ಹೇಳಿಯೂ ಇರಲಿಲ್ಲ. ಆದರೂ ಹೊರತೆಗೆದೆ. ಅಂಗಳದ ಆ ತುದಿಯ ಕುರ್ಚಿಯಲ್ಲಿ ಕುಳಿತು, ಪೆನ್ನು ಬಿಚ್ಚಿ, ಹಾಳೆಯ ಮೇಲೆ ತಲೆ ಬಗ್ಗಿಸಿ ಕೇಳಿದೆ. "ಅಜ್ಜೀ, ಇವತ್ತು ಯಾವ ವಾರ?"

"ಹಾರ ಯಾಕವ್ವಾ? ಹಬ್ಬ ಏನೂ ಇಲ್ವಲ್ಲ."

ಮಂಜುಳ ನನ್ನ ಕಡೆ ನೋಡಿ, ಕಂಡಿರಾ ಎನ್ನುವಂತೆ ಕಣ್ಣರಳಿಸಿದಳು. ನಾನು ಬರೆದುಕೊಂಡೆ.

"ಈ ಊರಿನ ಹೆಸರೇನು?"

"ಮೊಸರಾ? ಐತೆ. ಮಂಜುಳನ್ನ ಕೇಳು, ಕೊಡ್ತಾಳೆ."

"ನೂರರಲ್ಲಿ ಏಳು ಕಳೆದರೆ ಎಷ್ಟು?"

"ಏಳಕ್ಕಾಗಲ್ಲ ಕಣವ್ವಾ, ಮಂಡಿ ನೋವು."

ಎಲ್ಲವನ್ನೂ ಅಕ್ಷರಶಃ ಬರೆದುಕೊಂಡೆ. ಆ ವಾರ ಎಂಟು ಪುಟಗಳ ವರದಿ ಸಿದ್ಧವಾಯಿತು. ಅಪ್ಪಟ ಇಂಗ್ಲಿಷಿನಲ್ಲಿ, ಮರೆವಿನ ಕಾಯಿಲೆಯ ಲಕ್ಷಣ, ಹಂತ, ಮುಂದಿನ ಯೋಜನೆ, ಏನುಂಟು ಏನಿಲ್ಲ. ಕೊನೆಯ ಪುಟಕ್ಕೆ ಒಂದು ಚಿತ್ರವನ್ನೂ ಬರೆದಿದ್ದೆ, ನಡುವೆ ನಂಜಮ್ಮ ಎಂಬ ವೃತ್ತ, ಸುತ್ತ ಬಾಣಗಳು.

ನಮ್ಮ ಮೇಲ್ವಿಚಾರಕಿ ಶಾರದಾ ಮೇಡಂ ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ಎಂಟೂ ಪುಟಗಳನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. "ಅವರಿಗೆ ಏನು ಕಾಯಿಲೆ ಅಂತ ಹೇಳೋಕೆ ನೀನು ಯಾರಮ್ಮಾ?"

ನಾನು ಕೊನೆಯ ಪುಟದ ಬಾಣಗಳನ್ನು ನೋಡಿದೆ.

"ಇದರಲ್ಲಿ ನಿನ್ನ ಪ್ರಶ್ನೆ ಇದೆ, ಸೊಸೆಯ ಮಾತಿದೆ, ಪುಸ್ತಕದ ಮಾತಿದೆ. ನಂಜಮ್ಮ ಎಲ್ಲೂ ಕಾಣಿಸ್ತಿಲ್ಲ. ಮುಂದಿನ ಸಲ ಹೋದಾಗ ಪುಸ್ತಕ ಚೀಲದಿಂದ ತೆಗೀಬೇಡ. ಪ್ರಶ್ನೆ ಕೇಳ್ಬೇಡ. ಅವರ ಪಕ್ಕದಲ್ಲಿ ಕೂತ್ಕೊಂಡು ಬಾ, ಸಾಕು."

"ಏನೂ ಮಾಡದೆ ಸುಮ್ನೆ ಕೂತ್ಕೊಳ್ಳೋದಾ ಮೇಡಂ? ವರದಿಯಲ್ಲಿ ಏನು ಬರೀಲಿ?"

"ಕೂತಿದ್ದೆ ಅಂತ ಬರಿ."

ಹಾಸ್ಟೆಲಿನ ಗೆಳತಿಯರ ಮುಂದೆ ಮೇಡಂ ಬಗ್ಗೆ ಏನೇನು ಆಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಮುಂದಿನ ಮಂಗಳವಾರ ಹೋಗಿ ಕುಳಿತೆ. ನಂಜಮ್ಮ ಜಗಲಿಯ ಮೇಲೆ ಮೊರದಲ್ಲಿ ರಾಗಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ನಾನೂ ಆರಿಸತೊಡಗಿದೆ. ನನ್ನ ಕೈಗೆ ಸಿಕ್ಕಿದ್ದು ಹೆಚ್ಚಾಗಿ ರಾಗಿಯೇ. ನಂಜಮ್ಮ ನಾನು ಆರಿಸುವುದನ್ನು ನೋಡಿ, ನಾನು ಎಸೆದ ಕಾಳುಗಳನ್ನು ನೆಲದಿಂದ ಹೆಕ್ಕಿ ಮತ್ತೆ ಮೊರಕ್ಕೆ ಹಾಕಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಮಾತಿಗೆ ಶುರುವಿಟ್ಟರು. ಆವತಿಯ ತವರುಮನೆ, ಮದುವೆಯಾಗಿ ಗಾಡಿಯಲ್ಲಿ ಈ ಊರಿಗೆ ಬಂದದ್ದು, ಗಾಡಿ ಕಟ್ಟಿದ ಎರಡೂ ಎತ್ತುಗಳ ಹೆಸರು, ದಾರಿಯಲ್ಲಿ ಯಾವ ಬಾವಿಯ ಹತ್ತಿರ ನೀರು ಕುಡಿಸಿದರು, ಎಲ್ಲ. ಮರೆವಿನ ಕಾಯಿಲೆಯ ಹೆಂಗಸು ಐವತ್ತು ವರ್ಷದ ಹಿಂದಿನ ಎತ್ತುಗಳ ಬಣ್ಣ ಹೇಳುತ್ತಿದ್ದರು. ಹಳೆಯದು ನೆನಪಿದ್ದು ಹೊಸದು ಮರೆಯುವುದೇ ಆ ಕಾಯಿಲೆಯ ಲಕ್ಷಣ ಎಂದು ನಾನು ಮನಸ್ಸಿನಲ್ಲೇ ಪುಸ್ತಕದ ಪುಟ ತಿರುಗಿಸಿದೆ. ಅಷ್ಟು ಬೇಗ ಬುದ್ಧಿ ಬರುತ್ತದೆಯೇ?

ಆಗ ವಿಮಾನ ಬಂತು. ದನದ ಹಟ್ಟಿಯಲ್ಲಿ ಮಂಜುಳ ಪಕ್ಕದ ಮನೆಯವಳೊಂದಿಗೆ ಆಡುತ್ತಿದ್ದ ಮಾತು ನಿಂತಿತು. ರಸ್ತೆಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದುದು ನಿಂತಿತು. ನಾನು "ಆಮೇಲೆ?" ಎನ್ನಲು ತೆರೆದ ಬಾಯಿ ಮುಚ್ಚಿದೆ. ಇಡೀ ಊರು ಉಸಿರು ಹಿಡಿದಂತೆ ಮೌನವಾಗಿತ್ತು. 

ನಂಜಮ್ಮನ ತುಟಿಗಳು ಮಾತ್ರ ಆಡುತ್ತಲೇ ಇದ್ದವು. 

ದನಿ ಏರಿಸಲಿಲ್ಲ, ತಡೆಯಲಿಲ್ಲ, ತಲೆ ಎತ್ತಲಿಲ್ಲ. ರಾಗಿಯ ಮೇಲೆ ಬೆರಳಾಡಿಸುತ್ತಾ ಅದೇ ನಿಧಾನದಲ್ಲಿ ಕಥೆ ಹೇಳುತ್ತಲೇ ಹೋದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ನನಗೆ ಕೇಳಿಸಲಿಲ್ಲ. ವಿಮಾನ ಹೋಯಿತು. ಊರು ಮತ್ತೆ ಮಾತಾಡತೊಡಗಿತು. ನನ್ನ ಕೈ ಮೊರದಲ್ಲೇ ನಿಂತಿತ್ತು.

ಚೀಲದಿಂದ ಪುಸ್ತಕ ತೆಗೆಯಬಾರದೆಂದು ಮೇಡಂ ಹೇಳಿದ್ದರು. ತೆಗೆದೆ. ಹಳೆಯ ಪುಟ ಹುಡುಕಿ ತುಟಿ ಅಲ್ಲಾಡಿಸಿಕೊಂಡು ಓದಿದೆ. ವಾರ, ಹಾರ. ಹೆಸರು, ಮೊಸರು. ಏಳು, ಏಳಕ್ಕಾಗಲ್ಲ. ನನ್ನ ಕೈಬರಹದಲ್ಲೇ ಇತ್ತು, ಎಂಟು ಪುಟ ಬರೆಯುವಾಗಲೂ ಕಣ್ಣಿಗೆ ಬಿದ್ದಿರಲಿಲ್ಲ. ತಲೆ ಬಗ್ಗಿಸಿಕೊಂಡು, ಅಂಗಳದ ಆ ತುದಿಯಿಂದ, ಅವರಿಗೆ ತುಟಿಯೂ ಕಾಣದಂತೆ ಪ್ರಶ್ನೆ ಕೇಳಿದವಳು ನಾನು. ಸಿಕ್ಕಷ್ಟು ಸದ್ದನ್ನು ಹಿಡಿದು, ಉಳಿದದ್ದನ್ನು ಊಹಿಸಿ, ಮರ್ಯಾದೆಯಿಂದ ಉತ್ತರ ಕೊಟ್ಟವರು ಅವರು.

ಹತ್ತಿರ ಸರಿದು, ಅವರ ಬಲಗಿವಿಯ ಬಳಿ ಬಾಯಿಟ್ಟು, ನಿಧಾನವಾಗಿ ಕೇಳಿದೆ. "ಅಜ್ಜೀ, ಇವತ್ತು ಯಾವ ವಾರ?"

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಮೆಲ್ಲಗೆ, "ಮಂಗ್ಳವಾರ. ನೀನು ಬರೋದೇ ಸೋಮವಾರ, ಮಂಗ್ಳವಾರ ತಾನೇ?" ಎಂದರು. ಹಟ್ಟಿಯ ಕಡೆ ಒಮ್ಮೆ ನೋಡಿ ನನ್ನ ಕೈ ಹಿಡಿದುಕೊಂಡರು. "ಯಾರ್ಗೂ ಹೇಳ್ಬ್ಯಾಡ ಕಣವ್ವಾ."

"ಯಾಕಜ್ಜೀ?"

"ನಮ್ಮೂರಲ್ಲಿ ಒಬ್ಳಿದ್ಳು, ಕಿವುಡಿ ಅಂತ್ಲೇ ಅವಳ ಹೆಸ್ರು. ಅವಳ ನಿಜವಾದ ಹೆಸ್ರು ಏನು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಕಿವುಡಿ ಅಂದ್ರೆ ಜನ ನಗ್ತಾರೆ. ಅರಳುಮರಳು ಅಂದ್ರೆ ಪಾಪ ಅಂತ ಬುಟ್ಬುಡ್ತಾರೆ."

ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ನನ್ನ ಸ್ಥಿತಿ ಚೆನ್ನಾಗಿರಲಿಲ್ಲ. ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು ಎಂದು ನಮಗೆ ಮೊದಲ ತಿಂಗಳಿನಲ್ಲೇ ಪಾಠವಾಗಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಹೇಳದಿದ್ದರೆ ಆ ಗೇಟಿನ ಬೀಗ ತೆಗೆಯುವುದಿಲ್ಲ. ಹೇಳಿದರೆ ನಾನು ಮತ್ತೆ ಆ ಜಗಲಿಯ ಮೇಲೆ ಯಾವ ಮುಖ ಹೊತ್ತು ಕೂರಲಿ?

ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಹೊಸಕೋಟೆಯ ನಮ್ಮ ಮನೆಯಲ್ಲಿ ಅಮ್ಮನ ಅಮ್ಮ ಇದ್ದರು. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ತೀರಿಕೊಂಡರು. ಅವರನ್ನು ನೆನೆದರೆ ಅವರೇಕಾಳು ಹಿತುಕಿ ಹಿತುಕಿ ಸೊಗಡು ಹತ್ತಿದ ಬೆರಳುಗಳೇ ನೆನಪಿಗೆ ಬರುತ್ತವೆ. ನಮ್ಮ ಬೀದಿಯ ಮಕ್ಕಳಿಗೆಲ್ಲ ಆ ಅಜ್ಜಿಯೇ ಆಟ. ಶಾಲೆ ಬಿಟ್ಟವರು ಚೀಲ ಎಸೆದು ಅಜ್ಜಿಯ ಸುತ್ತ ಕೂರುವುದು, ಒಬ್ಬರಾದ ಮೇಲೊಬ್ಬರು ಪ್ರಶ್ನೆ ಕೇಳುವುದು. "ಅಜ್ಜೀ, ಬಸ್ಸು ಬಂತಾ?" "ಹಸುವಾ? ಕಟ್ಟಾಕವ್ರೆ ಕಣ್ರೋ." ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಯಾವ ಪ್ರಶ್ನೆಗೆ ಎಂಥ ಉತ್ತರ ಬರಬಹುದೆಂದು ಮೊದಲೇ ಯೋಚಿಸಿ ಪ್ರಶ್ನೆ ಕಟ್ಟುವುದರಲ್ಲಿ ನಾನೇ ಮುಂದು. ನನ್ನ ಅಜ್ಜಿ ಎಂಬ ಹೆಮ್ಮೆ ಬೇರೆ.

ಮನೆಗೆ ಬಂದವಳೇ ಅಮ್ಮನನ್ನು ಕೇಳಿದೆ. "ಅಜ್ಜಿಗೆ ಕಿವಿ ಕೇಳಿಸ್ತಿರಲಿಲ್ಲ, ಅಲ್ವಾ?"

ಅಮ್ಮ ದೋಸೆ ತಿರುವಿಹಾಕುತ್ತಿದ್ದವಳು, "ಹೌದು ಕಣೇ, ಅರ್ಧಕ್ಕರ್ಧ ಕೇಳಿಸ್ತಿರಲಿಲ್ಲ. ಯಾಕೆ ಈಗ?" ಎಂದಳು. ನನ್ನ ಮುಖ ನೋಡಿ ಒಲೆ ಸಣ್ಣ ಮಾಡಿದಳು. "ನೀವು ಆಟ ಆಡಿಸ್ತಿದ್ದಿದ್ದು ಅವಳಿಗೆ ಗೊತ್ತಿಲ್ಲ ಅನ್ಕೊಂಡಿದ್ಯಾ? ಒಂದ್ಸಲ ನಾನು ನಿಮ್ಮನ್ನೆಲ್ಲ ಗದರೋಕೆ ಬಂದೆ. ಬೇಡ ಸುಮ್ನಿರು ಅಂದ್ಲು. ಎಷ್ಟೋ ಸಲ ಸರಿಯಾಗೇ ಕೇಳಿಸಿರ್ತಿತ್ತಂತೆ. ಸರಿ ಉತ್ತರ ಹೇಳಿದ್ರೆ ಮಕ್ಳು ಎದ್ದು ಹೋಗ್ಬಿಡ್ತಾವೆ ಅಂದ್ಲು."

ಅದು ನಿಜವೋ, ಮಗಳ ಮುಖ ನೋಡಿ ಅಮ್ಮ ಅಲ್ಲೇ ಹೆಣೆದ ಸಮಾಧಾನವೋ ನನಗೆ ಗೊತ್ತಿಲ್ಲ. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ದೋಸೆ ಎರಡೇ ತಿಂದೆ.

ಮುಂದಿನ ಸೋಮವಾರ ನಂಜಮ್ಮನ ಕಿವಿಯ ಬಳಿ ಕೂತು, ಬುದ್ಧಿ ಹೇಳಲು ಹೋಗದೆ, ಒಂದೇ ಒಂದು ಮಾತು ಕೇಳಿದೆ. "ಅಜ್ಜೀ, ನಿಮಗೆ ಏನು ಬೇಕು?"

ಬಹುಶಃ ಆ ಪ್ರಶ್ನೆ ಅವರನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು. "ಹಸ ಹೊಡ್ಕೊಂಡು ಹೊಲದ ತಂಕ ಹೋಗಿ ಬರ್ಬೇಕು," ಎಂದರು. 

"ಬೀಗ ಹಾಕಿರೋದು ಲಾರಿ ಹಾರನ್ ನಿಮಗೆ ಕೇಳಿಸ್ಲಿಲ್ಲ ಅಂತ ಗೊತ್ತಿಲ್ದೆ ಅಜ್ಜೀ. ನಿಮಗೆ ತಲೆ ಕೆಟ್ಟಿದೆ ಅನ್ಕೊಂಡು."

ಮೊರವನ್ನು ಪಕ್ಕಕ್ಕಿಟ್ಟರು. ಗೇಟಿನ ಕಡೆ ನೋಡಿದರು. "ಹಂಗಾದ್ರೆ ನೀನೇ ಹೇಳು. ನಾನು ಹೇಳಿದ್ರೆ ಅದನ್ನೂ ಅರಳುಮರಳು ಅಂತಾರೆ."

ಪಾಳಿ ಮುಗಿಸಿ ಬಂದಿದ್ದ ಕೆಂಪಣ್ಣನ ಮುಂದೆ ಹೇಳಿದೆ. ಅವರು ಮೊದಲು ನಂಬಲಿಲ್ಲ. "ಬೇಕಾದಾಗ ಕೇಳಿಸ್ತದಲ್ಲ ಮೇಡಂ ಅವ್ರಿಗೆ?" ಎಂದರು. ಬೇಕಾದಾಗ ಅಲ್ಲ, ತುಟಿ ಕಂಡಾಗ ಎಂದೆ. ಅವರು ಎದ್ದು ತಾಯಿಯ ಬೆನ್ನ ಹಿಂದೆ ಹೋಗಿ ನಿಂತು, "ಅವ್ವಾ" ಎಂದು ಕರೆದರು. ನಂಜಮ್ಮ ನನ್ನ ಕಡೆಯೇ ನೋಡುತ್ತಿದ್ದರು. ಇನ್ನೊಮ್ಮೆ ಕರೆದರು. ಮುಂದೆ ಬಂದು, ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಸಿಟ್ಟಿನಿಂದಲೇ, "ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?" ಎಂದರು. ಕಣ್ಣು ತುಂಬಿಕೊಂಡಿತ್ತು.

ಆಮೇಲಿನದು ಆಸ್ಪತ್ರೆಯ ಓಡಾಟ. ರತ್ನಮ್ಮ ಜೊತೆಗೆ ಬಂದರು. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆ, ಗಾಜಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ, ಅರ್ಜಿ, ಕಾಯುವಿಕೆ. ಎರಡು ತಿಂಗಳಿಗೂ ಮೇಲಾಯಿತು. ಕೊನೆಗೆ ಹುಣಸೆಬೀಜದ ಗಾತ್ರದ ಯಂತ್ರವೊಂದು ಅವರ ಕಿವಿಯ ಹಿಂದೆ ಕೂತಿತು.

ಮನೆಗೆ ಬಂದ ಮೇಲೆ ಎಲ್ಲರೂ ಜಗಲಿಯ ಮೇಲೆ ಸೇರಿದ್ದೆವು. ಗಾಳಿಗೆ ತೆಂಗಿನ ಗರಿ ಸವರಿದ್ದು ಕೇಳಿ ನಂಜಮ್ಮ ಬೆಚ್ಚಿದರು. ಪಾತ್ರೆಯ ಸದ್ದಿಗೆ ಮುಖ ಕಿವುಚಿದರು. ಅಷ್ಟರಲ್ಲಿ ವಿಮಾನ ಬಂತು. ನಾವೆಲ್ಲ ಮಾತು ನಿಲ್ಲಿಸಿದೆವು. ನಂಜಮ್ಮ ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡು ಆಕಾಶ ನೋಡಿದರು. ಅದು ಹೋದ ಮೇಲೆ, "ಇದಾ ಈ ಸದ್ದು ಮಾಡೋದು? ಸಣ್ಣಗೆ ಗುಂಯ್ ಅಂತಿತ್ತು, ನನ್ನ ಕಿವೀದೇ ಅನ್ಕೊಂಡಿದ್ನಲ್ಲೋ" ಎಂದರು. ಕೆಂಪಣ್ಣ ನಕ್ಕರು. ನಾನೂ ನಕ್ಕೆ.

ಮಂಜುಳ ನಗಲಿಲ್ಲ. ಬೆಳಗಿನಿಂದಲೂ ಅವಳ ಮುಖ ಬಾಡಿತ್ತು. ನಾನು ನೀರು ಕುಡಿಯಲು ಒಳಗೆ ಹೋದಾಗ ಹಿಂದೆಯೇ ಬಂದು, ಪಿಸುದನಿಯಲ್ಲಿ ಹೇಳಿದಳು. "ಮೇಡಂ, ಇಷ್ಟು ವರ್ಷ ಅವ್ರ ಎದುರಿಗೇ ಏನೇನೋ ಅಂದ್ಬಿಟ್ಟಿದೀನಿ. ಗೊತ್ತಾಗಲ್ಲ ಅಂತ. ಎರಡು ಹಸು, ಚಪ್ಪರ, ಒಬ್ಳೇ ಮಾಡಿ ಮಾಡಿ ಸಾಕಾಗಿ ಬಾಯಿಗೆ ಬಂದಿದ್ದೆಲ್ಲ ಅಂದಿದೀನಿ. ಕೇಳಿಸಿರ್ತದಾ?"

ಉತ್ತರ ಬಾಗಿಲ ಬಳಿಯಿಂದ ಬಂತು. ನಂಜಮ್ಮ ಅಲ್ಲಿ ನಿಂತಿದ್ದರು. ಯಂತ್ರವಿದ್ದರೆ ಪಿಸುಮಾತೂ ಅವರಿಗೆ ಮುಟ್ಟುತ್ತದೆ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

"ಕೇಳಿಸ್ಲಿಲ್ಲ ಕಣವ್ವಾ," ಎಂದರು. "ಮುಖ ಕಾಣಿಸ್ತಿತ್ತು."

ಮಂಜುಳ ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ನಂಜಮ್ಮ ಒಳಗೆ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಕೊಡದಿಂದ ನೀರು ತುಂಬಿ, ಅವಳಿಗೇ ಕೊಟ್ಟರು. ನನ್ನನ್ನು ಯಾರೂ ಹೋಗು ಎನ್ನಲಿಲ್ಲ. ನಾನಾಗಿಯೇ ಚೀಲ ತೆಗೆದುಕೊಂಡು ಹೊರಟೆ. ಸಮಾಜಕಾರ್ಯದಲ್ಲಿ ಎದ್ದು ಹೋಗುವುದೂ ಒಂದು ಕೆಲಸವೆಂದು ಆ ದಿನ ತಿಳಿಯಿತು. ಅದನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ಕೇಳಿರಲಿಲ್ಲ.

ನನ್ನ ಕ್ಷೇತ್ರಕಾರ್ಯದ ಕೊನೆಯ ದಿನ ಹುಣಸೆಹಣ್ಣಿನ ಕಾಲ. ಅಂಗಳದ ತುಂಬ ಗೋಣಿತಟ್ಟಿನ ಮೇಲೆ ಹಣ್ಣು ಹರಡಿತ್ತು. ಗೇಟು ಅಗಲವಾಗಿ ತೆರೆದಿತ್ತು. ನಂಜಮ್ಮ ಬೆಳಿಗ್ಗೆಯೇ ಹಸುವನ್ನು ರಸ್ತೆ ಬಿಟ್ಟು ಬದುವಿನ ಮೇಲಿಂದ ಹೊಲಕ್ಕೆ ಹೊಡೆದುಕೊಂಡು ಹೋಗಿ ಬಂದಿದ್ದರು. ಇವರನ್ನು ಬೀಳ್ಕೊಡುವುದು ಹೇಗೆ, ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಹೇಳಲು ಎಡೆಯೇ ಸಿಗಲಿಲ್ಲ. ವರ್ಷಕ್ಕಾಗುವಷ್ಟು ಹುಣಸೆಗೆ ಉಪ್ಪು ಬೆರೆಸಿಡುತ್ತಾ ಅತ್ತೆ ಸೊಸೆ ಜೋರು ಜಗಳದಲ್ಲಿದ್ದರು.

"ಇಷ್ಟು ಉಪ್ಪು ಹಾಕಿದ್ರೆ ವರ್ಷಪೂರ್ತಿ ಸಾರು ಬಾಯಿಗಿಡಕ್ಕಾಗಲ್ಲ ಅತ್ತೇ!"

"ಉಪ್ಪು ಕಮ್ಮಿ ಆದ್ರೆ ಹುಳ ಬೀಳ್ತದೆ. ನಿಮ್ಮಮ್ಮನ ಮನೇಲಿ ಹಂಗೇ ಮಾಡ್ತಾರೇನೋ, ಈ ಮನೇಲಿ ಹಿಂಗೇ."

"ನಮ್ಮಮ್ಮನ ಮನೆ ವಿಷ್ಯಕ್ಕೆ ಬರ್ಬೇಡಿ!"

ಎರಡು ಮಾತಿಗೆ ನಾಲ್ಕು ಮಾತು. ನಾನು ಮೊದಲ ಸಲ ಬಂದಾಗ ಈ ಮನೆಯಲ್ಲಿ ಜಗಳವೇ ಇರಲಿಲ್ಲ. ಜಗಳಕ್ಕೂ ಇಬ್ಬರು ಬೇಕು. ಮಂಜುಳ ನನ್ನನ್ನು ಕಂಡು, ಬಿಸಿ ಇಳಿಯದ ದನಿಯಲ್ಲೇ, "ನೋಡಿ ಮೇಡಂ, ನೀವು ಮಾಡಿದ ಕೆಲಸ! ಮೊದ್ಲು ನಾನೊಬ್ಳೇ ಮಾತಾಡ್ಕೊಂಡಿರ್ತಿದ್ದೆ. ಈಗ ಒಂದಕ್ಕೂ ಉತ್ತರ ಕೊಡದೆ ಬಿಡಲ್ಲ ಇವ್ರು" ಎಂದಳು. ಹೇಳುತ್ತಾ ಅರ್ಧ ನಕ್ಕುಬಿಟ್ಟಳು. ಆದರೂ ಉಪ್ಪಿನ ವಿಷಯದಲ್ಲಿ ಸೋಲುವ ಇಚ್ಛೆ ಇರಲಿಲ್ಲ. ಅತ್ತೆಯ ಕಡೆ ತಿರುಗಿ, ಸೆರಗು ಸಿಕ್ಕಿಸಿಕೊಂಡು ಮತ್ತೆ ಶುರು ಮಾಡಿದಳು.

ನಂಜಮ್ಮ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಹುಣಸೆಯ ಅಂಟನ್ನು ಸೀರೆಗೆ ಒರೆಸಿಕೊಂಡು, ಕಿವಿಯ ಹಿಂದಿನ ಯಂತ್ರವನ್ನು ಎರಡು ಬೆರಳಿನಲ್ಲಿ ನಿಧಾನವಾಗಿ ತೆಗೆದರು. ಅದರ ಪುಟ್ಟ ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಂಜುಳ ಬಾಯಿ ತೆರೆದಂತೆಯೇ ನಿಂತಳು.

"ಇವತ್ತಿಗೆ ಸಾಕು," ಎಂದು, ನಂಜಮ್ಮ ಇನ್ನೊಂದು ಹಿಡಿ ಉಪ್ಪು ಹಾಕಿದರು.